ಗಂಡಿಲಿಗೆ ಗೊತ್ತಾಯ್ತದಾ?

ನನ್ನ ಗಂಡನ ಮೊದಲ ಹೆಂಡತಿಯನ್ನು ನಾನು ಮೊದಲ ಸಲ ನೋಡಿದ್ದು ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ. ಸೊಂಟದ ಮೇಲೆ ಒಂದು ಹೆಣ್ಣು ಮಗುವನ್ನು ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಉಪ್ಪುಖಾರ ಹಚ್ಚಿದ ಸೀಬೆಹಣ್ಣು ತಿನ್ನುತ್ತಾ ನಿಂತಿದ್ದಳು. ಅವಳು ಯಾರೆಂದು ಗೊತ್ತಾದದ್ದು ಪಕ್ಕದಲ್ಲಿದ್ದ ನಮ್ಮತ್ತೆಯಿಂದ. ನನ್ನ ತೋಳಿಗೆ ಉಗುರು ನೆಟ್ಟು, "ಆ ಕಡೀಕ್ ನೋಡ್ಬ್ಯಾಡ ಕಣವ್ವ, ಅವ್ಳೇಯ," ಎಂದರು. ನೋಡಬೇಡ ಎಂದ ಮೇಲೆ ಯಾರು ನೋಡದೆ ಇರುತ್ತಾರೆ? ಕಣ್ಣು ಬಿಟ್ಟುಕೊಂಡು ನೋಡಿದೆ.

ನನಗಿಂತ ಕುಳ್ಳಿ. ನನಗಿಂತ ದಪ್ಪ. ಸೀರೆಗೂ ರವಿಕೆಗೂ ಸಂಬಂಧವೇ ಇಲ್ಲ. ಅಷ್ಟರಮಟ್ಟಿಗೆ ಸಮಾಧಾನವಾಯಿತು. ಆದರೆ ಮಗು ಅವಳ ಜಡೆಯನ್ನು ಹಿಡಿದು ಜಗ್ಗುತ್ತಿತ್ತು, ಅವಳು ಬೈಯುವ ಬದಲು ಇನ್ನಷ್ಟು ಜಗ್ಗಲಿ ಎಂದು ತಲೆಯನ್ನು ಅತ್ತ ವಾಲಿಸಿಕೊಟ್ಟಿದ್ದಳು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

"ಮಗೂನೂ ಇದೆಯಲ್ಲ ಅತ್ತೆ," ಎಂದೆ.

"ಎತ್ಕಂಡವ್ಳೆ ಬುಡು. ಅವಳ್ದೇನಲ್ಲ. ಅವಳ್ನ ಕೂಡಿಕೆ ಮಾಡ್ಕಂಡೋನು ಎಂಡ್ತಿ ಸತ್ತೋನು, ಅವುನ್ ಮಗೀನೇ ಇರ್ಬೇಕು. ಇವಳ್ಗೆಲ್ಲಾದದು?"

ಬೆಳಕವಾಡಿಯಲ್ಲಿ ನನ್ನ ಚಿಕ್ಕಮ್ಮ ಹೊಸದಾಗಿ ಕಟ್ಟಿಸಿದ ಮನೆಯ ಗೃಹಪ್ರವೇಶ ಮುಗಿಸಿಕೊಂಡು ನಾವು ಮದ್ದೂರಿಗೆ ಹಿಂದಿರುಗುತ್ತಿದ್ದೆವು. ನಮ್ಮತ್ತೆ ಬಸ್ಸು ಹತ್ತಿದ ಮೇಲೂ ಅದನ್ನೇ ಹೇಳುತ್ತಿದ್ದರು. ಐದು ವರ್ಷ ಮನೆಯಲ್ಲಿದ್ದಳು, ಒಂದು ತಿಂಗಳೂ ತಪ್ಪಲಿಲ್ಲ, ಹರಕೆ ಹೊತ್ತಿದ್ದೆಲ್ಲ ದಂಡವಾಯಿತು, ಮಗ ದೇವರಂಥವನು, ಮುಖ ಮುರಿಯದೆ ಕಳಿಸಿಕೊಟ್ಟ. ನಾನು ಹೂಂಗುಟ್ಟುತ್ತಾ ಕಿಟಕಿಯಿಂದ ಹಿಂದಕ್ಕೆ ನೋಡುತ್ತಿದ್ದೆ. ನಮ್ಮ ಕಡೆ ಎಲ್ಲ ಸಂಬಂಧಕ್ಕೂ ಒಂದು ಹೆಸರಿದೆ. ಮೈದುನನ ಹೆಂಡತಿಯ ತಂಗಿಗೂ ಏನೋ ಒಂದು ಕರೆಯುವ ಹೆಸರಿರುತ್ತದೆ. ಗಂಡ ಬಿಟ್ಟ ಹೆಂಡತಿಯನ್ನು ಏನೆಂದು ಕರೆಯಬೇಕೋ ಅದಕ್ಕೆ ಮಾತ್ರ ಹೆಸರಿಲ್ಲ. ಸವತಿ ಎನ್ನೋಣವೆಂದರೆ ಆ ಹಕ್ಕೂ ನನಗಿರಲಿಲ್ಲ.

ನಾನು ಮಂಡ್ಯದವಳು. ಪ್ರಾಣಿಶಾಸ್ತ್ರ ಓದಿ, ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಇಲಿಗಳ ಉಸ್ತುವಾರಿಯ ಕೆಲಸ ಹಿಡಿದು, ಬಂದ ಗಂಡುಗಳನ್ನೆಲ್ಲ ಬೇಡ ಬೇಡ ಎನ್ನುತ್ತಾ ಮೂವತ್ತು ದಾಟಿಸಿದ್ದೆ. ಆಮೇಲೆ ನಾನು ಹೂಂ ಅಂದರೂ ಬರುವವರಿರಲಿಲ್ಲ. ಆಗ ಬಂದದ್ದು ಈ ಸಂಬಂಧ. ಹುಡುಗನಿಗೆ ಮದ್ದೂರಿನಲ್ಲಿ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಅಂಗಡಿ, ಊರಲ್ಲಿ ಒಂದಿಷ್ಟು ಕಬ್ಬಿನ ಗದ್ದೆ, ಒಬ್ಬಳೇ ತಾಯಿ. ಎರಡನೆಯ ಸಂಬಂಧ. "ಮೊದಲ್ನೇದಕ್ಕೆ ಮಕ್ಕಳಾಗ್ಲಿಲ್ಲ, ಕೋರ್ಟಲ್ಲೇ ಬಿಡುಗಡೆ ಆಗಿದೆ, ಹುಡುಗನ್ದು ಏನೂ ತೊಂದ್ರೆ ಇಲ್ಲ" ಎಂದರು ಮಧ್ಯಸ್ಥಿಕೆಯವರು. ಅವರ ಕಡೆಯವರಿಗೆ ನನ್ನ ಬಗ್ಗೆ "ಮೈಸೂರಲ್ಲಿ ಸೈನ್ಸ್ ಕೆಲಸ" ಎಂದಷ್ಟೇ ಹೇಳಿದ್ದರು. ಇಲಿ ಎಂದರೆ ಎಲ್ಲಿ ಓಡಿಹೋಗುತ್ತಾರೋ ಎಂದು ನಮ್ಮಮ್ಮನಿಗೆ ಭಯ.

ಏನೂ ತೊಂದರೆಯಿಲ್ಲ ಎಂಬ ಮಾತನ್ನು ನಾನು ಹೇಗೆ ನುಂಗಿದೆನೋ ಈಗಲೂ ಗೊತ್ತಿಲ್ಲ. ಏಕೆಂದರೆ ನಾನು ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸವೇ ಅದು. ಗಂಡಿನಲ್ಲಿ ತೊಂದರೆ ಇದೆಯೋ ಇಲ್ಲವೋ ನೋಡುವುದು.

ದೇಹ ಕಟ್ಟುವುದಕ್ಕೆ ಬೇಕಾದ ಸೂಚನೆಗಳು ಜೀನುಗಳಲ್ಲಿರುತ್ತವೆ. ಯಾವ ಜೀನು ಯಾವ ಕೆಲಸಕ್ಕೆ ಎಂದು ತಿಳಿಯಬೇಕಾದರೆ ಅದೊಂದನ್ನು ತೆಗೆದುಹಾಕಿ ಇಲಿಯನ್ನು ಹುಟ್ಟಿಸಿ ಏನು ಕೆಡುತ್ತದೆ ಎಂದು ನೋಡುತ್ತಾರೆ. ಹಾಗೆ ತೆಗೆದ ಇಲಿಗೆ ನಾಕೌಟ್ ಎಂದು ಹೆಸರು. ನಮ್ಮಲ್ಲಿ ತೆಗೆದಿದ್ದದ್ದು ವೀರ್ಯಾಣು ತಯಾರಾಗಲು ಬೇಕಿರಬಹುದು ಎಂದು ಅನುಮಾನವಿದ್ದ ಒಂದು ಜೀನು. ವೃಷಣದ ಒಳಗೆ ಹೊಲಿಗೆ ದಾರದಂಥ ಸಣ್ಣ ನಳಿಕೆಗಳು ಸುತ್ತಿಕೊಂಡಿರುತ್ತವೆ. ಅದರೊಳಗೆ ಜೀವಕಣಗಳು ಮೊದಲು ದುಂಡಗಿದ್ದು, ಆಮೇಲೆ ಉದ್ದವಾಗಿ, ಬಾಲ ಮೂಡಿ ಹೊರಗೆ ಬರುತ್ತವೆ. ನಮ್ಮ ನಾಕೌಟ್ ಗಂಡುಗಳಲ್ಲಿ ದುಂಡಗಾಗುವವರೆಗೆ ಎಲ್ಲ ಸರಿಯಾಗಿ ನಡೆದು ಅಲ್ಲಿಗೇ ನಿಂತುಬಿಡುತ್ತಿತ್ತು. ಬಾಲ ಮೂಡುತ್ತಿರಲಿಲ್ಲ.

ಅದು ಬಿಟ್ಟರೆ ಆ ಗಂಡುಗಳಿಗೆ ಬೇರೆ ಯಾವ ಕೊರತೆಯೂ ಇರಲಿಲ್ಲ. ಚೆನ್ನಾಗಿ ತಿನ್ನುತ್ತಿದ್ದವು, ಜಗಳವಾಡುತ್ತಿದ್ದವು, ಹೆಣ್ಣನ್ನು ಬಿಟ್ಟ ತಕ್ಷಣ ಮೈಮೇಲೆ ಹೋಗುತ್ತಿದ್ದವು. ಕೂಡಿದ ಮೇಲೆ ಹೆಣ್ಣಿನಲ್ಲಿ ಬಿಳಿ ಮೇಣದಂಥ ಒಂದು ಬಿರಡೆ ಉಳಿಯುತ್ತದೆ. ಅದು ಮಧ್ಯಾಹ್ನದ ಹೊತ್ತಿಗೆ ಬಿದ್ದುಹೋಗುವುದರಿಂದ ಬೆಳಿಗ್ಗೆ ಮದ್ದೂರಿನ ರೈಲಿಳಿದು ಹೋದ ಕೂಡಲೇ ನನ್ನ ಮೊದಲ ಕೆಲಸ ಹೆಣ್ಣಿಲಿಗಳ ಬಾಲ ಎತ್ತಿ ನೋಡುವುದು. ಬಿರಡೆ ಇದ್ದೇ ಇರುತ್ತಿತ್ತು. ಮರಿ ಮಾತ್ರ ಆಗುತ್ತಿರಲಿಲ್ಲ.

ಆದರೆ ಮರಿ ಆಗಲಿಲ್ಲ ಎಂದ ಮಾತ್ರಕ್ಕೆ ಗಂಡಿನದೇ ಕೊರತೆ ಎನ್ನುವ ಹಾಗಿಲ್ಲ. ಹೆಣ್ಣಿನದೂ ಇರಬಹುದಲ್ಲ. ಅದಕ್ಕೇ ಮೊದಲೇ ಮರಿ ಹಾಕಿ ಸೈ ಅನ್ನಿಸಿಕೊಂಡ ಹೆಣ್ಣುಗಳನ್ನೇ ಆರಿಸಿ ಬಿಡುತ್ತೇವೆ. ನಮ್ಮಲ್ಲಿ ಪಂಜರ ನೋಡಿಕೊಳ್ಳುವವನು ಬಸರಾಳಿನ ಕಡೆಯವನು, ಮನೆಯಲ್ಲಿ ಹಸು ಕಟ್ಟಿದವನು. ಅವನು ಅವುಗಳಿಗೆ ಇಟ್ಟ ಹೆಸರು 'ಈದವರು'. "ಮೇಡಂ, ಈದವ್ರು ಎಲ್ಡು ತರ್ಲಾ?" ಎನ್ನುತ್ತಿದ್ದ. ಬರುಬರುತ್ತಾ ನಮ್ಮ ಬಾಯಲ್ಲೂ ಅದೇ ಕೂತಿತು. ಈದವರು ಈ ಗಂಡಿನ ಹತ್ತಿರ ಬಂದು ಖಾಲಿ ಉಳಿದು, ಆಮೇಲೆ ಬೇರೆ ಗಂಡಿನ ಹತ್ತಿರ ಹೋಗಿ ಮರಿ ಹಾಕಿದರೆ ಲೆಕ್ಕ ಮುಗಿಯಿತು. ಕೊರತೆ ಯಾರದು ಎಂದು ಇನ್ನು ಕೇಳುವ ಹಾಗಿಲ್ಲ.

ಮರಿ ಹಾಕಿದ ಇಲಿಗಳ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು ಎಂದರೆ ನಗುತ್ತೀರಿ, ನಗಿ. ಹುಟ್ಟಿದ ಇಲಿಮರಿಯ ಚರ್ಮ ಎಷ್ಟು ತೆಳುವೆಂದರೆ ಅದು ಕುಡಿದ ಹಾಲು ಹೊಟ್ಟೆಯಲ್ಲಿ ಬೆಳ್ಳಗೆ ಹೊರಗಿನಿಂದಲೇ ಕಾಣುತ್ತದೆ. ತಾಯಿ ಅವುಗಳ ಮೇಲೆ ಹರಡಿಕೊಂಡು ಮಲಗಿ, ನಾನು ಮುಚ್ಚಳ ತೆಗೆದರೆ ಬಂದದ್ದು ಯಾಕೆ ಎನ್ನುವ ಹಾಗೆ ನೋಡುತ್ತಿತ್ತು. ಹೋಗೇ, ನಿಂಗೇನು, ಎಂದುಕೊಂಡು ಮುಚ್ಚಳ ಹಾಕುತ್ತಿದ್ದೆ.

ಮದುವೆಯಾಗಿ ನಾಲ್ಕನೆಯ ವರ್ಷ ಅದು. ಮಂಡ್ಯದ ಡಾಕ್ಟರಮ್ಮ ನನ್ನದೆಲ್ಲ ಪರೀಕ್ಷೆ ಮಾಡಿಸಿ, "ನಿಮ್ದೆಲ್ಲ ಸರಿಯಾಗಿದೆ, ಯಜಮಾನರನ್ನ ಕರ್ಕೊಂಡು ಬನ್ನಿ" ಎಂದಿದ್ದರು. ಯಜಮಾನರು ಬರಬೇಕಲ್ಲ? ಒಂದು ಸಲ ಅಂಗಡಿಯಲ್ಲಿ ಕೆಲಸ, ಒಂದು ಸಲ ಕಬ್ಬು ಕಡಿಸಬೇಕು, ಇನ್ನೊಂದು ಸಲ ಸುಮ್ಮನೆ ಮಾತು ಬೇರೆ ಕಡೆಗೆ. ಅಂಗಡಿಗೆ ಯಾರಾದರೂ ಮೋಟರು ಹೊತ್ತು ತಂದು ಸುಟ್ಟುಹೋಗಿದೆ ಎಂದರೆ ಇದೇ ಮನುಷ್ಯ, "ಮೊದ್ಲು ನಿಮ್ಮ ಲೈನ್ ನೋಡನ ಕಣಣ್ಣ, ಕರೆಂಟ್ ಸರ್ಯಾಗ್ ಬತ್ತಾ ಅದಾ ಅಂತ. ಸುಮ್ಕೆ ಮೋಟ್ರು ಮ್ಯಾಲೆ ಆಕಬ್ಯಾಡಿ" ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಒಳ್ಳೆಯ ಗಂಡನೇ, ಅದರಲ್ಲಿ ಎರಡು ಮಾತಿಲ್ಲ. ಸಂಜೆಯ ರೈಲು ಎಷ್ಟು ತಡವಾದರೂ ಸ್ಟೇಷನ್ನಿನ ಹೊರಗೆ ಬೈಕಿನ ಮೇಲೆ ಕೂತಿರುತ್ತಿದ್ದರು. ಊಟಕ್ಕೆ ಕೂತಾಗ ನಾನು ದಿನದ ಇಲಿಕತೆ ಹೇಳುತ್ತಿದ್ದೆ. ಅವರು ತಲೆ ತಗ್ಗಿಸಿಕೊಂಡು ಮುದ್ದೆ ಮುರಿಯುತ್ತಾ ಕೇಳುತ್ತಿದ್ದರು. ಮೊದಮೊದಲು ನಾಕೌಟ್ ಎಂದರೆ ಅವರಿಗೆ ಕಬಡ್ಡಿ. "ನಾಕೌಟ್ ಅಂದ್ರೆ ಸೋತೋರು ಮನೀಗೋಗದಲ್ವಾ?" ಎಂದು ಕೇಳಿದ್ದರು. ನಾನು ಬಿದ್ದು ಬಿದ್ದು ನಕ್ಕಿದ್ದೆ.

ಇನ್ನೊಂದು ದಿನ, ಎಲ್ಲ ಹೇಳಿ ಮುಗಿಸಿದ ಮೇಲೆ, ತಟ್ಟೆಯಿಂದ ತಲೆ ಎತ್ತದೆ ಕೇಳಿದರು. "ಆ ಗಂಡಿಲಿಗೆ ಗೊತ್ತಾಯ್ತದಾ?"

"ಏನು?"

"ಅದ್ಕೆ ಮರಿ ಆಗಲ್ಲ ಅಂತ."

"ಅದಕ್ಕೇನು ಗೊತ್ತಾಗತ್ತೆ? ತಿನ್ಕೊಂಡು ಉಂಡ್ಕೊಂಡು ಆರಾಮಾಗಿರತ್ತೆ."

"ಆಮೇಲೆ ಅದ್ನೇನ್ ಮಾಡೀರಿ?"

"ಆಗಲ್ಲ ಅಂತ ಖಾತ್ರಿ ಆದ ಮೇಲೆ ಕೊಂದು, ಬೀಜ ತೆಗೆದು, ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಲ್ಲಿ ಇಟ್ಟು ನೋಡ್ತೀವಿ. ಇನ್ನೇನು, ಸಾಕ್ತೀವಾ?" ಎಂದು ನಗುತ್ತಾ ಸಾರು ಬಡಿಸಿದೆ. ಅವರು ಸಾಕು ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

ಇದೆಲ್ಲ ಬಸ್ ಸ್ಟ್ಯಾಂಡಿಗಿಂತ ಮೊದಲಿನ ಮಾತು. ಅವಳನ್ನು ನೋಡಿದ ಮೇಲೆ ನನ್ನ ನೆಮ್ಮದಿ ಹೋಯಿತು. ಆ ಮಗು ಯಾರದು? ನಮ್ಮತ್ತೆ ಹೇಳಿದ ಹಾಗೆ ಸತ್ತವಳ ಮಗುವಾದರೆ ಏನೂ ಹೇಳಿದಂತಾಗಲಿಲ್ಲ. ಅವಳದೇ ಆದರೆ, ನಮ್ಮ ಪಂಜರದ ಲೆಕ್ಕದಲ್ಲಿ, ಲೆಕ್ಕ ಮುಗಿದಂತೆ. ಅವಳು ಇಲ್ಲಿ ಖಾಲಿ ಉಳಿದು ಅಲ್ಲಿ ಹೆತ್ತವಳು. ಕೊರತೆ ಇವರದು. ನನ್ನ ತಲೆಯ ಮೇಲಿನ ಆಪಾದನೆಯೂ ಇಳಿಯುತ್ತದೆ, ಇವರನ್ನು ಆಸ್ಪತ್ರೆಗೆ ಎಳೆದೊಯ್ಯಲು ನನಗೊಂದು ಹಿಡಿಯೂ ಸಿಗುತ್ತದೆ. ಬುದ್ಧಿ ಇದ್ದವಳು ಆ ಮಗು ಅವಳದೇ ಆಗಿರಲಿ ಎಂದು ಬೇಡಿಕೊಳ್ಳಬೇಕು. ನಾನು ಬೇಡಿಕೊಂಡದ್ದು ಅವಳದಾಗದೆ ಇರಲಿ ಎಂದು. ನನಗೆ ಅನುಕೂಲವಾಗುವುದಕ್ಕಿಂತ ಅವಳಿಗೆ ಮಗು ಇಲ್ಲದಿರುವುದೇ ನನಗೆ ಮುಖ್ಯವಾಗಿತ್ತು.

ಬೆಳಕವಾಡಿಯ ಚಿಕ್ಕಮ್ಮನಿಗೆ ಸುಮ್ಮನೆ ಮಾತಿಗೆ ಎನ್ನುವ ಹಾಗೆ ಫೋನಿನಲ್ಲಿ ವಿಷಯ ತಗುಲಿಸಿದೆ. ಚಿಕ್ಕಮ್ಮನಿಗೆ ಅಷ್ಟು ಸಾಕು. ಹದಿನೈದು ದಿನದೊಳಗೆ ಸುದ್ದಿ ಬಂತು. ಮಗು ಯಾರದೋ ಖಚಿತವಾಗಿ ಗೊತ್ತಾಗಲಿಲ್ಲ, ಆದರೆ ಅವಳೀಗ ಬಸುರಿ, ಐದು ತಿಂಗಳು. ಫೋನು ಇಟ್ಟು ಒಳಗೆ ಬಂದೆ. ನಮ್ಮತ್ತೆಯೂ ಗಂಡನೂ ಊಟಕ್ಕೆ ಕೂತಿದ್ದರು. ಯಾರ ಫೋನು ಎಂದು ಅತ್ತೆ ಕೇಳಿದರು. ಸುದ್ದಿ ಹೇಳಿದೆ. ಹೇಳಿ ಸುಮ್ಮನಾಗಬಾರದಿತ್ತೇ? "ಅಂದ್ರೆ ಅವಳೂ ಈದವಳೇ ಅಂತಾಯ್ತು" ಎಂದುಬಿಟ್ಟೆ.

ನಮ್ಮತ್ತೆ ತುತ್ತು ಕೆಳಗಿಟ್ಟರು. ಅವಳನ್ನು ಬಂಜೆ ಎಂದು ಊರೆಲ್ಲ ಸಾರಿದವರು ಇವರೇ. ಆದರೂ ಕಣ್ಣು ಕೆಂಪಗೆ ಮಾಡಿಕೊಂಡು, "ಎಂಗಂತ ಮಾತಾಡೀಯವ್ವ? ಎಣ್ಣೆಂಗ್ಸು ಎರ್ತಾಳೆ. ಈಯದು ದನ. ಯಾರ್ಗಾದ್ರೂ ಅಂಗನ್ಬಾರ್ದು," ಎಂದರು. ನಾನು ಬಾಯಿತಪ್ಪಿ ಬಂತು, ಲ್ಯಾಬಿನ ಮಾತು, ಎಂದು ತೊದಲಿದೆ. ಅಷ್ಟರಲ್ಲಿ ನನ್ನ ಗಂಡ ಅರ್ಧ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಕೈ ತೊಳೆಯಲು ಹೋದರು. ಅತ್ತೆಗೆ ಆ ಮಾತಿನ ಒಳಗಿದ್ದ ಲೆಕ್ಕ ಹೊಳೆಯಿತೋ ಇಲ್ಲವೋ ತಿಳಿಯದು, ಹೊಳೆದಿದ್ದರೂ ಅವರು ತೋರಿಸುವವರಲ್ಲ.

ನನಗೆ ಅನ್ನಿಸಿದ್ದು ಒಂದೇ. ಅವಳಿಗೊಂದು ಮಾತು ಬಿದ್ದದ್ದಕ್ಕೆ ಇವರಿಗೆ ಅನ್ನ ಸೇರಲಿಲ್ಲ. ನನಗೆ ಅವರಮ್ಮ ವಾರಕ್ಕೊಂದು ಸಲ ಹಂಗಿಸುವಾಗ ಮುದ್ದೆ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ. ಬಚ್ಚಲ ಬಾಗಿಲಲ್ಲಿ ಅಡ್ಡ ನಿಂತು, "ಇನ್ನೂ ಅವಳ ಮೇಲೆ ಅಷ್ಟು ಪ್ರೀತಿನಾ?" ಎಂದು ಕೇಳಿದೆ. ಅವರು ಟವೆಲ್ಲಿಗೆ ಮುಖ ಒರೆಸಿಕೊಂಡು, "ನಿಂಗೆ ಬ್ಯಾರೆ ಕೆಲ್ಸ ಇಲ್ವಾ?" ಎಂದು ಪಕ್ಕದಿಂದ ಹೋದರು. ಎರಡು ವಾರ ನಾನು ಇಲಿಕತೆ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಮೂರು ತಿಂಗಳಾದ ಮೇಲೆ ಚಿಕ್ಕಮ್ಮನಿಗೆ ಜ್ವರ ಬಂದು ಕೈಕಾಲು ಗಂಟು ಹಿಡಿದುಕೊಂಡಿತೆಂದು ಒಂದು ಭಾನುವಾರ ಬೆಳಕವಾಡಿಗೆ ಒಬ್ಬಳೇ ಹೋಗಿದ್ದೆ. ವಾಪಸ್ಸು ಬರುವಾಗ ಮಳವಳ್ಳಿಯಲ್ಲಿ ಮದ್ದೂರಿನ ಬಸ್ಸು ಹತ್ತಿದರೆ ಕಾಲಿಡಲು ಜಾಗವಿಲ್ಲ. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ ಆದ ಮೇಲೆ ಭಾನುವಾರ ಯಾರು ಮನೆಯಲ್ಲಿರುತ್ತಾರೆ? ನೂಕಿಕೊಂಡು ನಡುವಿಗೆ ಹೋದೆ. ಒಂದು ಸೀಟಿನಿಂದ ಬ್ಯಾಗು ಎತ್ತಿ ತೊಡೆಯ ಮೇಲಿಟ್ಟುಕೊಂಡು ಯಾರೋ, "ಬನ್ನಿ ಅಕ್ಕ, ಕೂತ್ಕಳಿ" ಎಂದರು. ಕೂತ ಮೇಲೆ ನೋಡುತ್ತೇನೆ, ಅವಳು. ಮಗು ಅವಳಿಗೂ ಕಿಟಕಿಗೂ ನಡುವೆ ನಿಂತಿತ್ತು. ಹೊಟ್ಟೆ ಮುಂದಿನ ಸೀಟಿಗೆ ತಾಗುತ್ತಿತ್ತು.

ಏಳೋಣವೆಂದರೆ ನಾನು ನಿಂತಿದ್ದ ಜಾಗದಲ್ಲಿ ಆಗಲೇ ಇಬ್ಬರು ಬಂದು ನಿಂತಿದ್ದರು.

"ಕೂತ್ಕಳಿ, ನಾನೇನ್ ಕಚ್ಚಲ್ಲ," ಎಂದಳು.

"ನಾನ್ಯಾರು ಅಂತ ಗೊತ್ತಾ?"

"ಗೊತ್ತಿಲ್ದೆ ಏನು? ಅವತ್ತು ಬಸ್ಟಾಂಡ್ನಾಗೆ ಅಂಗೆ ದುರುಗುಟ್ಕಂಡ್ ನೋಡ್ತಿದ್ರಲ್ಲ. ಅತ್ತೆಮ್ಮನೂ ಜೊತೇಲಿದ್ರು."

ಅತ್ತೆಮ್ಮ! ಬಿಟ್ಟು ಇಷ್ಟು ವರ್ಷವಾದರೂ ಅತ್ತೆಮ್ಮ. ನನ್ನನ್ನು ಅಕ್ಕ ಎನ್ನುತ್ತಿದ್ದಳು, ವರಸೆಯಲ್ಲಿ ನೋಡಿದರೆ ಮೊದಲು ಬಂದವಳು ಅವಳು, ಅಕ್ಕನಾಗಬೇಕಾದವಳು ಅವಳೇ. ವಯಸ್ಸು ನನ್ನ ಮುಖದಲ್ಲಿ ಅಷ್ಟು ಕಾಣುತ್ತದೆ ಎಂದಾಯಿತು. ಅದಕ್ಕೂ ಸಿಟ್ಟು ಬಂತು.

"ಈ ಮಗು?" ಎಂದೆ, ಇಷ್ಟು ದಿನ ಕೊರೆಯುತ್ತಿದ್ದದ್ದು ತಡೆಯಲಾರದೆ.

"ನಂದೆಯ. ಇವ್ರಪ್ಪನ ಮೊದಲ್ನೇಳ್ಗೆ ಒಬ್ಬ ಮಗ ಅವ್ನೆ, ಅವ್ನು ಐಸ್ಕೂಲು. ಇದು ನನ್ ಒಟ್ಟೇಲೇ ಉಟ್ಟಿದ್ದು. ಇದೂ ನಂದೆಯ," ಎಂದು ಹೊಟ್ಟೆಯ ಮೇಲೆ ಕೈಯಿಟ್ಟಳು. "ಬಾಣಂತನಕ್ಕೆ ಅವ್ವನ ಮನೀಗೋಯ್ತಾ ಇವ್ನಿ, ದೊಡ್ಡೀಲಿ ಇಳ್ಕತೀನಿ." ದೊಡ್ಡಿ ಎಂದರೆ ಮಳವಳ್ಳಿಗೂ ಮದ್ದೂರಿಗೂ ನಡುವಿನ ಕೆ.ಎಂ. ದೊಡ್ಡಿ.

ಒಂದಲ್ಲ, ಎರಡು. ನಾನು ಎದುರಿನ ಸೀಟಿನ ಕಂಬಿ ನೋಡುತ್ತಾ ಕೂತೆ. ಅವಳು ಸುಮ್ಮನಿರುವ ಪೈಕಿ ಅಲ್ಲ. "ನೀವು ಇಲಿ ಸಾಕೀರಂತಲ್ಲ, ಯಾಕೆ?" ಎಂದಳು. ನಮ್ಮ ಚಿಕ್ಕಮ್ಮ ಸುದ್ದಿ ತರುವಾಗ ಸುದ್ದಿ ಕೊಟ್ಟೂ ಬಂದಿದ್ದಾರೆ ಎಂದು ತಿಳಿಯಿತು. ನಾನು ಬೇಕೆಂದೇ, ಚುಚ್ಚಲೆಂದೇ, ಎಲ್ಲ ಬಿಡಿಸಿ ಹೇಳಿದೆ. ಗಂಡಿನಲ್ಲಿ ಜೀನು ತೆಗೆಯುವುದು, ಮರಿ ಹಾಕಿದ ಹೆಣ್ಣನ್ನು ಬಿಡುವುದು, ಆಗದಿದ್ದರೆ ಅದೇ ಹೆಣ್ಣನ್ನು ಇನ್ನೊಂದು ಗಂಡಿನ ಹತ್ತಿರ ಬಿಟ್ಟು ನೋಡುವುದು. ಅವಳು ಕಿವಿಗೊಟ್ಟು ಕೇಳಿ, ಗೊಳ್ಳೆಂದು ನಕ್ಕಳು. "ಅಂಗಾರೆ ನಾನೂ ನಿಮ್ ಇಲಿ ಇದ್ದಂಗೇಯ. ಮೊದ್ಲು ಒಂದ್ ಗಂಡಿನ್ ತವ ಬುಟ್ರು, ಆಮ್ಯಾಕೆ ಇನ್ನೊಂದ್ ಗಂಡಿನ್ ತವ!" ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಚುಚ್ಚಲು ಹೋಗಿ ಮುಖ ಕೆಂಪಾದದ್ದು ನನ್ನದು.

ನಗು ನಿಂತ ಮೇಲೆ ಅವಳು ನನ್ನ ಕಡೆ ತಿರುಗಿ ಕೇಳಿದಳು. "ನೀವು ಈ ಕೆಲ್ಸ ಮಾಡೋರು. ಆದ್ರೂ ಅವ್ರು ನಿಮ್ಗೆ ಏಳ್ನಿಲ್ವಾ?"

"ಏನು ಹೇಳಲಿಲ್ವಾ?"

ಅವಳು ತಟ್ಟನೆ ಕಿಟಕಿಯ ಕಡೆ ನೋಡಿದಳು. ಮಗುವಿನ ಫ್ರಾಕು ಸರಿಮಾಡಿದಳು. "ಏಳವ್ರೆ ಅಂದ್ಕಂಡಿದ್ದೆ," ಎಂದಳು.

ಆಮೇಲೆ ನಾನು ಬಿಡಲಿಲ್ಲ. ಅವಳು ದನಿ ತಗ್ಗಿಸಿ ಹೇಳಿದಳು. "ನನ್ಗೂ ಏಳ್ದೆ ಮೈಸೂರ್ಗೋಗಿ ತೋರಿಸ್ಕಂಡ್ ಬಂದವ್ರೆ. ಬಂದು ಸರ್ಯಾಗಿ ಉಣ್ನಿಲ್ಲ, ಮಾತಾಡ್ನಿಲ್ಲ. ಒಂದಿನ ಕಬ್ಬಿನ್ ಗದ್ದೆ ತವ ಕರ್ಕಂಡೋಗಿ ಏಳುದ್ರು. ಅವ್ರ ವೀರ್ಯದಾಗೆ ಉಳ ಒಂದೂ ಇಲ್ವಂತೆ, ಒಂದೂನೂವೆ. ಏಳ್ಬುಟ್ಟು ಬದಿನ್ ಮ್ಯಾಲೆ ಕುಂತ್ಕಂಡು ಮಗೀನಂಗೆ ಅತ್ತುಬುಟ್ರು ಅಕ್ಕ. ನೀನು ಓಗ್ಬುಡು, ನಿಂಗಾರ ಆಗ್ಲಿ, ಅವ್ವಂಗ್ ಮಾತ್ರ ಏಳ್ಬ್ಯಾಡ ಅಂತ ಕೈ ಇಡ್ಕಂಡ್ರು."

"ನಿಮ್ಮನ್ನ ಬಂಜೆ ಅಂದ್ರಲ್ಲ ಎಲ್ಲಾರೂ?"

"ಅಂದ್ರು. ಕೇಳ್ದಾಗ ಒಟ್ಟೆ ಉರಿಯದು. ಅನ್ಲಿ ಬುಡು, ನಂಗೆ ಮಗು ಬೇಕಿತ್ತು, ಅವ್ರ್ಗೆ ಮಾನ ಬೇಕಿತ್ತು ಅಂತ ಬಂದ್ಬುಟ್ಟೆ."

ದೊಡ್ಡಿ ಬಂತು. ಅವಳು ಏಳಲು ಒದ್ದಾಡುತ್ತಿದ್ದಳು. ಒಂದು ಕೈಯಲ್ಲಿ ಬ್ಯಾಗು, ಒಂದು ಕೈಯಲ್ಲಿ ಕಂಬಿ. "ವಸಿ ಇಡ್ಕಳಿ," ಎಂದು ಮಗುವನ್ನು ನನ್ನ ತೋಳಿಗೆ ಹಾಕಿ ಮುಂದೆ ಹೋದಳು. ನಾನು ಅದನ್ನು ಎತ್ತಿಕೊಂಡು ಜನರ ನಡುವೆ ನೂಕಿಕೊಂಡು ಬಾಗಿಲವರೆಗೆ ಹೋದೆ. ಬೆಚ್ಚಗಿತ್ತು, ಬಿಸ್ಕತ್ತಿನ ವಾಸನೆ ಹೊಡೆಯುತ್ತಿತ್ತು. ನನ್ನ ಜಡೆಯನ್ನೂ ಹಿಡಿದು ಜಗ್ಗಿತು. ಕೆಳಗೆ ನಿಂತು ಅವಳು ಮಗುವನ್ನು ಇಸಿದುಕೊಂಡು, "ಓದಿರೋರು ನೀವು, ನಿಮ್ಗೇನಾರ ದಾರಿ ಗೊತ್ತಿರ್ತದೆ. ನನ್ನಂಗೆ ಬುಟ್ಟೋಗ್ಬ್ಯಾಡಿ," ಎಂದಳು. ಕಂಡಕ್ಟರು ಸೀಟಿ ಊದಿದ.

ದೊಡ್ಡಿಯಿಂದ ಮದ್ದೂರಿನವರೆಗೆ ನನಗೆ ರಸ್ತೆ ಕಾಣಿಸಲಿಲ್ಲ. ಮೋಸವಾಯಿತು ಎಂಬ ಸಿಟ್ಟು ಇದ್ದೇ ಇತ್ತು. ಎಲ್ಲ ಗೊತ್ತಿದ್ದೂ ನನ್ನನ್ನು ಕಟ್ಟಿಕೊಂಡರು. ನನ್ನ ರಕ್ತ, ನನ್ನ ಸ್ಕ್ಯಾನು, ನಮ್ಮತ್ತೆಯ ಹಂಗಿನ ಮಾತು ಎಲ್ಲವನ್ನೂ ನೋಡಿಕೊಂಡು ಸುಮ್ಮನಿದ್ದರು. ಅವಳು ಮಗು ಪಡೆದಳು, ಇವರು ಮಾನ ಉಳಿಸಿಕೊಂಡರು, ಇಬ್ಬರೂ ಸೇರಿ ಮಾಡಿಕೊಂಡ ಒಪ್ಪಂದದ ದಂಡ ಕಟ್ಟುತ್ತಿರುವವಳು ನಾನು. ನಾಕೌಟಿನಲ್ಲಿ ಸೋತವರು ಮನೆಗೆ ಹೋಗಬೇಕು, ನಮ್ಮಲ್ಲಿ ಗೆದ್ದವಳು ಹೋದಳು. 

ಆದರೆ ನಿಜ ಹೇಳುತ್ತೇನೆ, ಉರಿದದ್ದು ಅದಕ್ಕಲ್ಲ. ಮಗುವಿಗೂ ಅಲ್ಲ. ಅವಳ ಮುಂದೆ ಅತ್ತಿದ್ದರಂತೆ. ನಾಲ್ಕು ವರ್ಷದಲ್ಲಿ ನನ್ನೆದುರು ಇವರು ಒಂದು ಸಲ ಕಣ್ಣು ಒದ್ದೆ ಮಾಡಿಕೊಂಡಿಲ್ಲ. ತನ್ನೊಳಗಿನ ಅತಿ ದೊಡ್ಡ ಮಾತನ್ನು ಆ ಸೀರೆಗೂ ರವಿಕೆಗೂ ಹೊಂದದವಳ ಕೈಯಲ್ಲಿ ಕೊಟ್ಟು ಕಳಿಸಿದ್ದರು. ಇದೇ ವಿಷಯ ಓದಿ, ಇದನ್ನೇ ದಿನವಿಡೀ ಮಾಡುವ ನನಗೆ ಅದರಲ್ಲಿ ಒಂದು ಚೂರೂ ಇಟ್ಟಿರಲಿಲ್ಲ.

ಬಸ್ಸಿಳಿದವಳು ಮನೆಗೆ ಹೋಗಲಿಲ್ಲ, ನೇರ ಅಂಗಡಿಗೆ ಹೋದೆ. ಶಟರು ಅರ್ಧ ಎಳೆದಿತ್ತು. ಒಳಗೆ ಮೋಟರಿನ ಹೊಟ್ಟೆ ಬಿಚ್ಚಿಟ್ಟುಕೊಂಡು ಹೊಸ ತಾಮ್ರದ ತಂತಿ ಸುತ್ತುತ್ತಿದ್ದರು. ಬಗ್ಗಿ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತು, "ಅವಳು ಸಿಕ್ಕಿದ್ಲು, ಬಸ್ಸಲ್ಲಿ," ಎಂದೆ.

ಯಾವಳು ಎಂದು ಕೇಳಲಿಲ್ಲ. ತಂತಿ ಸುತ್ತುತ್ತಲೇ, "ಚೆಂದಾಗವ್ಳಾ?" ಎಂದರು.

ಅದೇ ಮೊದಲ ಮಾತು. ಅವಳು ಚೆನ್ನಾಗಿದ್ದಾಳಾ! ನನಗೆ ತಡೆಯಲಾಗಲಿಲ್ಲ. "ಚೆನ್ನಾಗಿದಾಳೆ, ಎರಡನೇದು ಹೆರೋಕೆ ಹೋಗ್ತಿದಾಳೆ. ಕಬ್ಬಿನ ಗದ್ದೆ ಕತೆ ಎಲ್ಲಾ ಹೇಳಿದ್ಲು. ಅವಳ ಮುಂದೆ ಅಳೋಕೆ ಆಗತ್ತೆ, ನನಗೆ ಒಂದು ಮಾತು ಹೇಳೋಕೆ ಬಾಯಿಲ್ವಾ ನಿಮಗೆ? ನಾನ್ಯಾರು ಈ ಮನೇಲಿ?" ಎಂದು ಕೂಗಿದೆ. ಪಕ್ಕದ ಸೈಕಲ್ ಶಾಪಿನವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಎಂದುಕೊಂಡೆ.

ಅವರು ತಂತಿಯ ತುದಿಯನ್ನು ಇಕ್ಕಳದಲ್ಲಿ ಮಡಚಿದರು. "ಮದ್ವೆಗ್ ಮುಂಚೇನೇ ಏಳ್ಬೇಕು ಅಂತಿದ್ದೆ. ನಿನ್ನ ನೋಡಕ್ ಬಂದಾಗ ಅವ್ವ ಪಕ್ಕದಲ್ಲೇ ಕುಂತಿದ್ಲು, ಆಗ್ನಿಲ್ಲ. ಆಮೇಲೆ ಓದಿರೋಳು, ಕೆಲ್ಸ ಐತೆ, ಇಂಗೇ ನಡ್ಕಂಡೋಯ್ತದೆ ಅಂದ್ಕಂಡೆ. ತಪ್ಪು ನಂದೇ," ಎಂದರು. ಆಮೇಲೆ, "ಆಮೇಲೆ ನೀನು ಇಲಿಕತೆ ಏಳಕ್ಕೆ ಸುರು ಮಾಡ್ದೆ," ಎಂದರು.

ಕೊಂದು ಕೊಯ್ದು ನೋಡುತ್ತೇವೆ ಎಂದು ನಗುತ್ತಾ ಸಾರು ಬಡಿಸಿದ್ದು ನೆನಪಾಯಿತು. ಸಿಟ್ಟು ಇಳಿದಿರಲಿಲ್ಲ, ಆದರೆ ಅದನ್ನು ಎಲ್ಲಿ ಇಡುವುದೋ ತಿಳಿಯಲಿಲ್ಲ. ತೋಚಿದ್ದು ಲ್ಯಾಬಿನ ಮಾತೇ. ಒಂದು ಸಲ ಟೆಸ್ಟು ಮಾಡಿಸಿ ಕೈಬಿಟ್ಟರೆ ಹೇಗೆ ಎಂದೆ. ಕೆಲವರಿಗೆ ಒಳಗೆ ತಯಾರಾಗಿರುತ್ತದೆ, ದಾರಿ ಕಟ್ಟಿಕೊಂಡಿರುತ್ತದೆ. ಕೆಲವರಿಗೆ ಎಲ್ಲೋ ಒಂದು ನಳಿಕೆಯಲ್ಲಿ ನಾಲ್ಕಾದರೂ ಸಿಗುತ್ತವೆ, ಒಂದು ಸಿಕ್ಕರೂ ಈಗ ದಾರಿ ಇದೆ. ಸಿಗದೆಯೂ ಹೋಗಬಹುದು, ಆಗ ಅದನ್ನು ಇಬ್ಬರೂ ಕೂತು ಯೋಚನೆ ಮಾಡಬೇಕು. ನೋಡದೆ ಹೇಳುವ ಹಾಗಿಲ್ಲ, ಎಂದೆ.

"ಕೊಯ್ದು ನೋಡಾರಾ?"

"ಸೂಜೀಲಿ. ಕೊಲ್ಲಲ್ಲ."

ಅವರಿಗೆ ನಗು ಬಂದು ಅರ್ಧಕ್ಕೆ ನಿಂತಿತು. "ಬತ್ತೀನಿ, ಯಾವತ್ತು ಅಂತ ಏಳು," ಎಂದರು. ಮತ್ತೆ ನಾಲ್ಕು ಸುತ್ತು ತಂತಿ ಸುತ್ತಿದರು. ನಾನು ಏಳುವುದರಲ್ಲಿದ್ದೆ.

"ಅವತ್ತು ಕೇಳಿದ್ನಲ್ಲ," ಎಂದರು, ಮೋಟರಿನ ಮೇಲಿಂದ ಕಣ್ಣು ತೆಗೆಯದೆ. "ಗಂಡಿಲಿಗೆ ಗೊತ್ತಾಯ್ತದಾ ಅಂತ. ನೀನು ಇಲ್ಲ ಅಂದೆ."

"ಹ್ಞೂಂ."

"ಗೊತ್ತಾಯ್ತದೆ ಕಣೆ."

ಕಾದು ನೋಡಿದೆ, ಅಳಲಿಲ್ಲ. ಕಣ್ಣು ಒದ್ದೆಯೂ ಆಗಲಿಲ್ಲ. ಅಳು ಅವಳ ಪಾಲಿಗೆ ಹೋಗಿದೆ, ಅದು ಇನ್ನು ವಾಪಸ್ಸು ಬರುವುದಿಲ್ಲ, ಅದನ್ನು ನೆನೆದರೆ ನನಗೆ ಈಗಲೂ ಉರಿಯುತ್ತದೆ. ಆದರೆ ಈ ಮಾತನ್ನು ಅವರು ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂತು ಅವಳಿಗೆ ಹೇಳಿರುವ ಹಾಗೇ ಇಲ್ಲ. ಆಗ ಅವರಿಗೆ ಇಲಿಗಳ ವಿಷಯ ಗೊತ್ತೇ ಇರಲಿಲ್ಲ. ಇದು ನನಗೊಬ್ಬಳಿಗೇ ಹೇಳಿದ್ದು.